ಸಣ್ಣ ಪೆಟ್ಟಿಗೆ, ದಪ್ಪ ಕೇಬಲ್ಲು: ಹೊಸ ವೈರ್‌ಮನ್ ಹುಡುಗರಿಗೆ ಒಂದಿಷ್ಟು ಕಿವಿಮಾತು

ನಮ್ಮ ದೇಶನೂರು, ಸಿರುಗುಪ್ಪ, ತೆಕ್ಕಲಕೋಟೆ ಕಡೆ ಐಟಿಐ ಮುಗಿಸಿ ಬಂದ ಹುಡುಗನಿಗೆ ಮನೆ ವೈರಿಂಗು ಬೇಗ ಬೇಸರ ಬರುತ್ತದೆ. ಕಣ್ಣೆದುರಿಗೇ ದೊಡ್ಡ ಕೆಲಸ ಇದೆಯಲ್ಲ: ಅಕ್ಕಿ ಗಿರಣಿ, ಸಕ್ಕರೆ ಕಾರ್ಖಾನೆ, ಹೊಳೆ ದಂಡೆಯ ಪಂಪ್‌ಸೆಟ್ಟು. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ದೇಶನೂರು ಕಾಲುವೆಗೆ ಕರೆಂಟು ಬೇಕಿಲ್ಲ, ಇಳಿಜಾರು ಸಾಕು. ಆ ಕಾಲುವೆ ಮುಟ್ಟದ ಎತ್ತರದ ಹೊಲಕ್ಕೆ ಮೋಟಾರು ಬೇಕು. ಬೆಳೆದ ಭತ್ತ ಅಕ್ಕಿಯಾಗಲು ಇನ್ನೂ ದೊಡ್ಡ ಮೋಟಾರು ಬೇಕು. ಮೋಟಾರು ದೊಡ್ಡದಾದಂತೆ ಕೇಬಲ್ಲು ದಪ್ಪವಾಗುತ್ತದೆ, ಆದರೆ ಅದು ಹೋಗಿ ಸೇರುವ ಪೆಟ್ಟಿಗೆ ಮಾತ್ರ ಯಾಕೋ ದೊಡ್ಡದಾಗುವುದಿಲ್ಲ. ಪ್ಯಾನಲ್ ಮಾಡುವವನು ತಗಡು ಉಳಿಸುತ್ತಾನೆ, ಮಾಲೀಕ ಜಾಗ ಉಳಿಸುತ್ತಾನೆ, ಕಡೆಗೆ ಒದ್ದಾಡುವವನು ವೈರ್‌ಮನ್.

ತಮ್ಮಾ, ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ. ಪೆಟ್ಟಿಗೆಗೆ ತಕ್ಕಂತೆ ಕೇಬಲ್ಲನ್ನು ಹಿಂಸಿಸಬೇಡ, ಕೇಬಲ್ಲಿಗೆ ತಕ್ಕಂತೆ ಪೆಟ್ಟಿಗೆಯನ್ನು ಬದಲಿಸು.

• ಕೇಬಲ್ ತರುವ ಮುಂಚೆಯೇ ಟೇಪು ಹಿಡಿ. ಪ್ಯಾನಲ್ಲಿನ ಅಗಲ, ಎತ್ತರ ಎಲ್ಲರೂ ಅಳೆಯುತ್ತಾರೆ. ನೀನು ಅಳೆಯಬೇಕಾದ್ದು ಗ್ಲ್ಯಾಂಡ್ ಪ್ಲೇಟಿನಿಂದ ಬ್ರೇಕರಿನ ಟರ್ಮಿನಲ್‌ವರೆಗಿನ ಅಂತರ, ಆಮೇಲೆ ಗ್ಲ್ಯಾಂಡ್ ಪ್ಲೇಟಿನ ಕೆಳಗೆ ನೆಲದವರೆಗೆ ಇರುವ ಜಾಗ. ಭೂಮಿಯಲ್ಲಿ ಹೂಳುವ, ಟ್ರೇ ಮೇಲೆ ಹಾಸುವ ಕೇಬಲ್ಲುಗಳಿಗೆ ನಮ್ಮ ದೇಶದ ಮಾನಕ ಐಎಸ್ 1255. 1.1 ಕಿಲೋವೋಲ್ಟ್‌ವರೆಗಿನ ಪಿವಿಸಿ ಅಥವಾ ಎಕ್ಸ್‌ಎಲ್‌ಪಿಇ ಮಲ್ಟಿಕೋರ್ ಕೇಬಲ್ಲನ್ನು ಅದರ ಹೊರಗಿನ ವ್ಯಾಸದ 12 ಪಟ್ಟಿಗಿಂತ ಚಿಕ್ಕ ತ್ರಿಜ್ಯದಲ್ಲಿ ಬಗ್ಗಿಸಬಾರದು ಎನ್ನುತ್ತದೆ ಅದು, ಸಿಂಗಲ್ ಕೋರ್ ಆದರೆ 15 ಪಟ್ಟು. ಗಿರಣಿಗಳಲ್ಲಿ ಕಾಣುವ ಮೂರೂವರೆ ಕೋರಿನ 185 ಚದರ ಎಂಎಂ ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ಲು ಹೆಚ್ಚುಕಡಿಮೆ 55 ಎಂಎಂ ದಪ್ಪ. ಹನ್ನೆರಡರಿಂದ ಗುಣಿಸು: 660 ಎಂಎಂ. ಎರಡಡಿಗಿಂತ ಜಾಸ್ತಿ ಆಯಿತು. ಪ್ಯಾನಲ್ಲಿನ ಒಳಗೆ ನಿನಗೆ ಸಿಗುವುದು ಗೇಣಗಲ ಜಾಗ. ಅಂದಮೇಲೆ ಬಗ್ಗುವ ಕೆಲಸವೆಲ್ಲ ಪೆಟ್ಟಿಗೆಯ ಹೊರಗೇ, ಟ್ರೆಂಚಿನಲ್ಲೇ ಮುಗಿಯಬೇಕು. ಗ್ಲ್ಯಾಂಡಿಗೆ ಬರುವಷ್ಟರಲ್ಲಿ ಕೇಬಲ್ಲು ಕಂಬದಂತೆ ನೆಟ್ಟಗೆ ನಿಂತಿರಬೇಕು.

• ಲೆಕ್ಕ ಬರದಿದ್ದರೂ ಪರವಾಗಿಲ್ಲ, ಕೇಬಲ್ಲಿನಷ್ಟೇ ದಪ್ಪದ ಕರಿ ಎಚ್‌ಡಿಪಿಇ ಪೈಪು ಯಾವ ಹೊಲದಲ್ಲಾದರೂ ಸಿಗುತ್ತದೆ. ಒಂದು ತುಂಡು ತಂದು ಟ್ರೆಂಚಿನಿಂದ ಗ್ಲ್ಯಾಂಡಿನ ತೂತಿನವರೆಗೆ ಹಿಡಿದು ನೋಡು. ಎಲ್ಲಿ ಗೋಡೆಗೆ ತಾಗುತ್ತದೆ, ಎಲ್ಲಿ ಪ್ಯಾನಲ್ಲಿನ ಕಾಲಿಗೆ ಅಡ್ಡ ಬರುತ್ತದೆ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೀಟರಿಗೆ ಮೂರು-ನಾಲ್ಕು ಕೆಜಿ ತೂಗುವ ಕೇಬಲ್ಲನ್ನು ನಾಲ್ಕು ಜನ ಹಿಡಿದುಕೊಂಡು ನಿಂತಾಗ ಗೊತ್ತಾಗುವುದಕ್ಕಿಂತ ಇದು ಒಳ್ಳೆಯದು.

• ಕೈ ಹಾಕುವ ಮುಂಚೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್. ಇದರಲ್ಲಿ ದೊಡ್ಡಸ್ತಿಕೆ ತೋರಿಸಬೇಡ. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಹೋಗಿ ತಾವೇ ಜಿಒಎಸ್ ಸ್ವಿಚ್ಚು ಎಳೆಯುವವರು, ಕೋಲಿನಿಂದ ಫ್ಯೂಸು ಬೀಳಿಸುವವರು ನಮ್ಮ ಕಡೆ ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ಒಬ್ಬನಾಗಬೇಡ. ಜೆಸ್ಕಾಂ ಪವರ್‌ಮನ್‌ನನ್ನು ಕರೆಸು, ಪರಿಚಯ ಇಲ್ಲದಿದ್ದರೆ 1912ಕ್ಕೆ ಫೋನು ಮಾಡು. ಜಿಒಎಸ್‌ನ ಮೂರು ಬ್ಲೇಡೂ ಬಿಟ್ಟುಕೊಂಡಿರುವುದನ್ನು ನಿನ್ನ ಕಣ್ಣಿಂದ ನೋಡು. ಎರಡು ಬಿಟ್ಟು ಒಂದು ಹಿಡಿದುಕೊಂಡಿರುವುದು ಅಪರೂಪವೇನಲ್ಲ. ಗಿರಣಿಯ ಒಳಗಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೋ. ಮಾಲೀಕನ ಮಗ ಕೇಳಿದರೂ ಕೊಡಬೇಡ.

ಲೈನು ಸತ್ತಿತು ಎಂದ ತಕ್ಷಣ ಪೆಟ್ಟಿಗೆ ಸತ್ತಿತು ಅಂತಲ್ಲ. ಜನರೇಟರ್ ಇದ್ದರೆ ಚೇಂಜ್‌ಓವರ್ ಎಲ್ಲಿದೆ ನೋಡು. ಪಂಪ್‌ಸೆಟ್ಟಿನ ಕಡೆ ತ್ರೀಫೇಸ್ ಇಲ್ಲದ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ಮೋಟಾರು ಓಡಿಸುವವರು ಇರುತ್ತಾರೆ, ಅಲ್ಲಿಂದ ಹಿಂದಕ್ಕೆ ಕರೆಂಟು ಬರಬಹುದು. ಪವರ್‌ಫ್ಯಾಕ್ಟರ್ ಕೆಪಾಸಿಟರ್ ಬ್ಯಾಂಕು ಇದ್ದರೆ ಸ್ವಿಚ್ ತೆಗೆದು ಐದು ನಿಮಿಷ ಸುಮ್ಮನೆ ಕೂತುಕೋ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆ ಶಾರ್ಟ್ ಮಾಡಿ ಅರ್ತಿಗೆ ಕಟ್ಟು. ಟೆಸ್ಟರನ್ನು ಮೊದಲು ಕರೆಂಟು ಇರುವ ಕಡೆ ಇಟ್ಟು ನೋಡು, ಆಮೇಲೆ ನೀನು ಕೆಲಸ ಮಾಡುವ ಟರ್ಮಿನಲ್ಲಿಗೆ, ಮತ್ತೆ ಕರೆಂಟು ಇರುವ ಕಡೆ. ಟೆಸ್ಟರೇ ಕೆಟ್ಟು ಕೂತಿದ್ದರೆ ಗೊತ್ತಾಗುವುದು ಹೀಗೆ ಮಾತ್ರ. ಇನ್ನೊಂದು ಮಾತು: ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡು. ಅವನ ಸಹಿ ಇಲ್ಲದ ಪ್ಯಾನಲ್ಲಿಗೆ ಏನಾದರೂ ಆದರೆ ಮಾಲೀಕ ಬೆರಳು ತೋರಿಸುವುದು ನಿನ್ನ ಕಡೆಗೇ.

• ಅಳೆದು ನೋಡಿದಾಗ ಪೆಟ್ಟಿಗೆಯಲ್ಲಿ ಕೇಬಲ್ಲು ಹಿಡಿಸಲಿಲ್ಲ ಅಂತಿಟ್ಟುಕೋ. ಆಗ ಏನು ಮಾಡಬೇಕು? ಹಾದಿ ಬಹಳ ಇವೆ.

ಮೊದಲನೆಯದು, ಪ್ಯಾನಲ್ಲಿನ ಕೆಳಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಕೂರಿಸುವುದು. ಗ್ಲ್ಯಾಂಡ್ ಪ್ಲೇಟು ಒಂದಡಿ ಕೆಳಗೆ ಇಳಿಯುತ್ತದೆ, ಕೋರು ಬಿಚ್ಚಿಕೊಳ್ಳಲು ಒಂದಡಿ ಜಾಗ ಹುಟ್ಟುತ್ತದೆ. ಸಿರುಗುಪ್ಪದಲ್ಲಿ ಟ್ರಾಲಿ, ಗೇಟು ಮಾಡುವ ಯಾವ ವರ್ಕ್‌ಶಾಪಿನಲ್ಲಾದರೂ ಮಾಡಿಕೊಡುತ್ತಾರೆ. ಅಂಚಿಗೆ ರಬ್ಬರ್ ಗ್ಯಾಸ್ಕೆಟ್ ಹಾಕಿಸು, ಬಾಕ್ಸಿಗೂ ಅರ್ತ್ ಕೊಡು. ನನ್ನ ಕೇಳಿದರೆ ಹತ್ತರಲ್ಲಿ ಏಳು ಸಲ ಇದೇ ಉತ್ತರ.

ಎರಡನೆಯದು, ಒಂದು ದಪ್ಪ ಕೇಬಲ್ಲಿನ ಬದಲು ಎರಡು ಸಣ್ಣವು. 185ರ ಒಂದರ ಕಡೆ 95ರ ಎರಡು ಹಾಕಿದರೆ ಒಂದೊಂದೂ 40 ಎಂಎಂ ಆಸುಪಾಸು, ಬಗ್ಗುವ ತ್ರಿಜ್ಯ ಒಂದೂವರೆ ಅಡಿಯ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಎರಡೂ ಒಂದೇ ಕಂಪನಿ, ಒಂದೇ ಅಳತೆ, ಒಂದೇ ಉದ್ದ ಇರಬೇಕು, ಲಗ್ಗೂ ಒಂದೇ ಜಾತಿ. ಒಂದು ಮೀಟರ್ ಗಿಡ್ಡ ಇದ್ದ ಕೇಬಲ್ಲೇ ಹೆಚ್ಚು ಕರೆಂಟು ಹೊರುತ್ತದೆ. ಪ್ರತಿ ಕೇಬಲ್ಲಿನಲ್ಲೂ ಆರ್, ವೈ, ಬಿ ಮೂರೂ ಹೋಗಬೇಕು. ಗುರುತಿಗೆ ಸುಲಭ ಅಂತ ಒಂದು ಕೇಬಲ್ಲಿನ ಎಲ್ಲ ಕೋರನ್ನೂ ಒಂದೇ ಫೇಸಿಗೆ ಕಟ್ಟಿದರೆ ಆರ್ಮರು, ಗ್ಲ್ಯಾಂಡು, ಪ್ಲೇಟು ಎಲ್ಲ ಕಾಯುತ್ತವೆ.

ಮೂರನೆಯದು ತಾಮ್ರ. ಅಲ್ಯುಮಿನಿಯಂಗೆ ಕರೆಂಟು ಸಾಗಿಸುವ ಗುಣ ತಾಮ್ರದ ಶೇಕಡಾ 61ರಷ್ಟು ಮಾತ್ರ. ಅದಕ್ಕೇ 185ರ ಅಲ್ಯುಮಿನಿಯಂ ಮಾಡುವ ಕೆಲಸವನ್ನು 120ರ ತಾಮ್ರ ಮಾಡುತ್ತದೆ. ದುಬಾರಿ ನಿಜ, ಇಡೀ ದಾರಿಗೆ ಬೇಕಿಲ್ಲ. ಪ್ಯಾನಲ್ಲಿನ ಪಕ್ಕದ ಗೋಡೆಗೆ ಬಸ್‌ಬಾರ್ ಇರುವ ಜಂಕ್ಷನ್ ಬಾಕ್ಸು ಕೂರಿಸಿ, ಅಲ್ಲಿಯವರೆಗೆ ಅಲ್ಯುಮಿನಿಯಂ ತಂದು, ಅಲ್ಲಿಂದ ಪ್ಯಾನಲ್ಲಿಗೆ ಮೆತ್ತನೆಯ ಸಣ್ಣ ಎಳೆಗಳ ತಾಮ್ರದ ಕೇಬಲ್ಲು ಎಳೆ. ಒಂದು ಜೋಡಣೆ ಜಾಸ್ತಿ ಆಗುತ್ತದೆ, ಅಷ್ಟೇ ಅದರ ಕಷ್ಟ.

ಮೇಲಿನಿಂದ ಕೇಬಲ್ ಇಳಿಸುವ ಹಾದಿ ನನಗೆ ಇಷ್ಟವಿಲ್ಲ. ತಗಡಿನ ಶೆಡ್ಡು ಸೋರುತ್ತದೆ, ಹಲ್ಲಿ ಬೀಳುತ್ತದೆ.

• ಇನ್ನು ಮಾಡಬಾರದ ಕೆಲಸಗಳು. ಇವನ್ನು ನಿನಗೆ ಯಾರೂ ಕಲಿಸಬೇಕಿಲ್ಲ, ಸುತ್ತಮುತ್ತ ನೋಡಿದರೆ ಸಾಕು. ಮಾಲೀಕ ಬಂದು, ‘ಹೆಂಗಾದ್ರೂ ಮಾಡಿ ತುರುಕಪಾ, ಮಧ್ಯಾಹ್ನದೊಳಗ ಮಿಲ್ಲು ಚಾಲೂ ಆಗ್ಬೇಕು’ ಎಂದ ಕೂಡಲೇ ಇವೆಲ್ಲ ಶುರುವಾಗುತ್ತವೆ.

ಲಗ್ಗಿನ ತೂತಿಗೆ ಹಿಡಿಸದ ಎಳೆಗಳನ್ನು ಕತ್ತರಿಸಿ ಬಿಸಾಡುವುದು. ಹತ್ತು ಎಳೆ ಕತ್ತರಿಸಿದರೆ ಆ ಜಾಗದಲ್ಲಿ ನಿನ್ನ 185ರ ಕೇಬಲ್ಲು 185 ಆಗಿ ಉಳಿಯಲಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ, ಸುಟ್ಟ ಮೇಲೇ ಗೊತ್ತಾಗುವುದು. ಆರ್ಮರ್ ತಂತಿಗಳನ್ನು ಗ್ಲ್ಯಾಂಡಿನ ಬುಡದಲ್ಲೇ ಸವರಿ ಹಾಕುವುದು ಎರಡನೆಯದು. ಆ ತಂತಿಗಳೇ ಕೇಬಲ್ಲಿನ ತೂಕ ಹೊರುವವು, ಅರ್ತಿನ ದಾರಿಯೂ ಅವೇ. ಎಲ್ಲವನ್ನೂ ಹೂವಿನ ಎಸಳಂತೆ ಅರಳಿಸಿ ಗ್ಲ್ಯಾಂಡಿನ ಕೋನಿನ ಮೇಲೆ ಕೂರಿಸಿ ಬಿಗಿ ಮಾಡಬೇಕು. ಲಗ್ಗಿನ ಚಪ್ಪಟೆ ತಲೆಯನ್ನು ಸುತ್ತಿಗೆಯಿಂದ ಬಗ್ಗಿಸುವುದು, ತೂತು ಸಾಲದೆಂದು ಡ್ರಿಲ್ ಹೊಡೆದು ಅಗಲ ಮಾಡುವುದು, ಎಂ12ರ ತೂತಿಗೆ ಎಂ8ರ ಬೋಲ್ಟು ಹಾಕಿ ದೊಡ್ಡ ವಾಷರಿನಿಂದ ಮುಚ್ಚುವುದು, ಇವೂ ಅದೇ ಪಟ್ಟಿಯವು.

ವಾಷರಿನ ಬಗ್ಗೆ ಒಂದು ಮಾತು, ಇದನ್ನು ಹಳೆಯ ವೈರ್‌ಮನ್‌ಗಳೂ ತಪ್ಪುತ್ತಾರೆ. ಲಗ್ಗಿಗೂ ಬಸ್‌ಬಾರಿಗೂ ನಡುವೆ ವಾಷರ್ ಬರಲೇಬಾರದು. ಎತ್ತರ ಸರಿಹೋಗಲಿಲ್ಲ ಎಂದು ನಡುವೆ ಎರಡು ಕಬ್ಬಿಣದ ವಾಷರ್ ತುರುಕುತ್ತಾರೆ. ಆಗ ಪೂರ್ತಿ ಕರೆಂಟು ಆ ಕಬ್ಬಿಣದ ಮೂಲಕವೇ ಹೋಗಬೇಕು. ಲಗ್ಗು ಬಸ್‌ಬಾರಿನ ಮೈಗೆ ನೇರ ಅಂಟಬೇಕು, ಸಪಾಟು ವಾಷರು ಬೋಲ್ಟಿನ ತಲೆಯ ಕೆಳಗೂ ನಟ್ಟಿನ ಕೆಳಗೂ, ಸ್ಪ್ರಿಂಗ್ ವಾಷರು ನಟ್ಟಿಗೆ ಹತ್ತಿ.

ಕಡೆಯದು ಮಂಡಿ. ಬಾಗಿಲು ಮುಚ್ಚುವುದಿಲ್ಲ ಎಂದು ಮಂಡಿ ಕೊಟ್ಟು ಒತ್ತಿ ಲಾಕ್ ತಿರುಗಿಸುವವರನ್ನು ನೋಡಿದ್ದೇನೆ. ಆ ಬಾಗಿಲಿನ ಅಂಚು ಒಂದೊಂದು ಮೋಟಾರು ನಡುಗಿದಾಗಲೂ ಇನ್ಸುಲೇಷನ್ ಮೇಲೆ ಒಂದೊಂದು ಗೀರು ಎಳೆಯುತ್ತಿರುತ್ತದೆ.

• ಕೇಬಲ್ಲು ಬಗ್ಗಿಸಲು ನಮ್ಮ ಊರಿನ ಬಿಸಿಲಿಗಿಂತ ಒಳ್ಳೆಯ ಸಹಾಯಕ ಇಲ್ಲ. ಮಧ್ಯಾಹ್ನ ಎರಡು ಗಂಟೆ ಅಂಗಳದಲ್ಲಿ ಬಿಡಿಸಿ ಹಾಕಿದರೆ ಪಿವಿಸಿ ಮೆತ್ತಗಾಗುತ್ತದೆ. ಡ್ರಮ್ಮಿನಲ್ಲಿ ಸುತ್ತಿದ ವಾಟ ಯಾವ ಕಡೆಗಿದೆಯೋ ಆ ಕಡೆಗೇ ಬಗ್ಗಿಸು, ಎದುರು ಹೋಗಬೇಡ. ಬ್ಲೋಲ್ಯಾಂಪು, ಬೆಂಕಿ ಹತ್ತಿರ ಸುಳಿಯಬಾರದು.

• ಕೋರುಗಳನ್ನು ಬಿಚ್ಚಿದ ಮೇಲೆ ಫೇಸಿನ ಕ್ರಮ ಸರಿ ಮಾಡಲು ಪೆಟ್ಟಿಗೆಯೊಳಗೆ ಒಂದರ ಮೇಲೊಂದು ದಾಟಿಸಬೇಡ. ಅಷ್ಟು ದಪ್ಪದ ಕೋರು ಇಷ್ಟು ಜಾಗದಲ್ಲಿ ತಿರುಚಿಕೊಂಡರೆ ಹಗಲೂ ರಾತ್ರಿ ಟರ್ಮಿನಲ್ಲನ್ನು ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ, ಬ್ರೇಕರಿನ ಮೈ ಬಿರುಕು ಬಿಡುವುದೂ ಉಂಟು. ಗ್ಲ್ಯಾಂಡು ಬಿಗಿ ಮಾಡುವ ಮುಂಚೆ ಇಡೀ ಕೇಬಲ್ಲನ್ನೇ ಸ್ವಲ್ಪ ತಿರುಗಿಸಿದರೆ ಕೋರುಗಳು ತಮ್ಮ ತಮ್ಮ ಟರ್ಮಿನಲ್ಲಿನ ಎದುರು ಬಂದು ನಿಲ್ಲುತ್ತವೆ. ಬೋಲ್ಟು ಹಾಕದೆಯೇ ಲಗ್ಗು ಬಸ್‌ಬಾರಿನ ಮೇಲೆ ತಾನಾಗಿ ಸಪಾಟಾಗಿ ಕೂರಬೇಕು, ಅದೇ ಪರೀಕ್ಷೆ. ಬೋಲ್ಟಿನಿಂದ ಎಳೆದು ಕೂರಿಸುವಂತಿದ್ದರೆ ಬಿಚ್ಚಿ ಮತ್ತೆ ಮಾಡು. ಬರಿಮೈ ಲೋಹಕ್ಕೂ ಲೋಹಕ್ಕೂ ಒಂದಿಂಚಿಗೆ ಕಡಿಮೆ ಅಂತರ ಬಿಡಬೇಡ. ಲಗ್ಗಿನ ಕುತ್ತಿಗೆಗೆ ಹೀಟ್‌ಶ್ರಿಂಕ್ ತೋಳು ಹಾಕು, ಬ್ರೇಕರಿನ ಜೊತೆ ಬಂದ ಫೇಸ್ ಬ್ಯಾರಿಯರನ್ನು ಡಬ್ಬಿಯಲ್ಲೇ ಬಿಟ್ಟು ಬರಬೇಡ.

• ಅಲ್ಯುಮಿನಿಯಂ ಮೈಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದ ತಕ್ಷಣ ಪೇಸ್ಟು ಹಚ್ಚು. ಚಹಾ ಕುಡಿದು ಬರುತ್ತೇನೆ ಎನ್ನಬೇಡ, ಗಾಳಿ ತಾಗಿದರೆ ಆಕ್ಸೈಡು ಮತ್ತೆ ಕೂರುತ್ತದೆ, ಅದು ಕರೆಂಟು ಬಿಡುವುದಿಲ್ಲ. ಟರ್ಮಿನಲ್ಲು ತಾಮ್ರದ್ದಾದರೆ ಬೈಮೆಟಾಲಿಕ್ ಲಗ್ಗೇ ಬೇಕು. ಕೋರು ಹಲಸಿನ ತೊಳೆಯಂಥ ಸೆಕ್ಟರ್ ಆಕಾರದಲ್ಲಿದ್ದರೆ ಮೊದಲು ಗುಂಡಗೆ ಮಾಡುವ ಡೈ ಹಾಕಿ ಒತ್ತಿ, ಆಮೇಲೆ ಲಗ್ಗಿನ ಅಳತೆಯ ಡೈ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದದ್ದು ಕ್ರಿಂಪ್ ಅಲ್ಲ. ಹೈಡ್ರಾಲಿಕ್ ಟೂಲು ಬಳ್ಳಾರಿಯಲ್ಲಿ ಬಾಡಿಗೆಗೆ ಸಿಗದಿದ್ದರೆ ನಾಲ್ಕು ಹುಡುಗರು ಸೇರಿ ಒಂದು ಕೊಂಡುಕೊಳ್ಳಿ.

• ಗ್ಲ್ಯಾಂಡ್ ಪ್ಲೇಟಿನ ತೂತನ್ನು ಗ್ಯಾಸ್ ಕಟ್ಟರಿನಿಂದ ಕೊರೆಯಬೇಡ, ಹೋಲ್‌ಸಾ ಹಾಕು. ಪ್ಲೇಟನ್ನು ಬಿಚ್ಚಿ ಹೊರಗೆ ತಂದು ತೂತು ಹೊಡೆ, ಕಬ್ಬಿಣದ ಪುಡಿ ಬ್ರೇಕರಿನೊಳಗೆ ಬಿದ್ದರೆ ತೆಗೆಯುವವರಿಲ್ಲ. ಸಿಂಗಲ್ ಕೋರ್ ಕೇಬಲ್ಲು ಆದರೆ ಇನ್ನೊಂದು ಎಚ್ಚರ ಬೇಕು. ಕಬ್ಬಿಣದ ಪ್ಲೇಟಿನಲ್ಲಿ ಆರ್‌ಗೆ ಒಂದು ತೂತು, ವೈಗೆ ಒಂದು, ಬಿಗೆ ಒಂದು ಮಾಡಿದರೆ ಪ್ರತಿ ಕೇಬಲ್ಲಿನ ಸುತ್ತ ಕಬ್ಬಿಣದ ಉಂಗುರ ಆದಂತೆ. ಅದರಲ್ಲಿ ಕಾಂತಶಕ್ತಿ ಸುತ್ತುತ್ತಾ ಎಡ್ಡಿ ಕರೆಂಟು ಹುಟ್ಟಿ ಪ್ಲೇಟು ಕೈ ಇಡಲಾಗದಷ್ಟು ಕಾಯುತ್ತದೆ. ಓವರ್‌ಲೋಡ್ ಇಲ್ಲ, ಬೋಲ್ಟು ಸಡಿಲ ಇಲ್ಲ, ಆದರೂ ಪ್ಯಾನಲ್ಲು ಯಾಕೆ ಸುಡುತ್ತಿದೆ ಎಂದು ಜನ ತಲೆ ಕೆರೆದುಕೊಳ್ಳುವುದು ಇಲ್ಲೇ. ಮೂರೂ ಫೇಸನ್ನು ಒಂದೇ ಕಿಂಡಿಯಲ್ಲಿ ತರಬೇಕು, ಇಲ್ಲವೇ ಅಲ್ಯುಮಿನಿಯಂ ಪ್ಲೇಟು ಹಾಕಬೇಕು.

• ಎರೆಭೂಮಿಯನ್ನು ನಂಬಬೇಡ. ಕೇಬಲ್ಲಿನ ಪುಸ್ತಕ ಬರೆದವರು ನಮ್ಮ ಕರಿಮಣ್ಣನ್ನು ನೋಡಿದ್ದಾರೋ ಇಲ್ಲವೋ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು ಬಿಡುತ್ತದೆ, ಹೂತ ಕೇಬಲ್ಲನ್ನೂ ಜೊತೆಗೇ ಎಳೆದಾಡುತ್ತದೆ. ಟ್ರೆಂಚಿನಿಂದ ನೇರ ಬಿಗಿಯಾಗಿ ಪ್ಯಾನಲ್ಲಿಗೆ ತಂದಿದ್ದರೆ ಎರಡು ಬೇಸಿಗೆಯಲ್ಲಿ ಗ್ಲ್ಯಾಂಡು ಕಿತ್ತುಕೊಂಡು ಬರುತ್ತದೆ, ಆ ಎಳೆತ ಲಗ್ಗಿನವರೆಗೂ ಹೋಗುತ್ತದೆ. ಕೇಬಲ್ಲಿನ ಕೆಳಗೂ ಮೇಲೂ ಹೊಳೆ ಮರಳು ಹಾಸು, ಪ್ಯಾನಲ್ಲಿನ ಹತ್ತಿರ ಒಂದು ದೊಡ್ಡ ಸುತ್ತು ಬಿಡು. ಮುಂದೆ ಲಗ್ಗು ಸುಟ್ಟು ಅರ್ಧ ಅಡಿ ಕತ್ತರಿಸಬೇಕಾದಾಗಲೂ ಆ ಸುತ್ತೇ ಕಾಯುವುದು. ನೆಲದಿಂದ ಏಳುವ ಕಡೆ ಗೋಡೆಗೆ ಕ್ಲ್ಯಾಂಪು ಹಾಕು, ಕೇಬಲ್ಲಿನ ತೂಕ ಟರ್ಮಿನಲ್ಲಿನ ಮೇಲೆ ಜೋತುಬೀಳಬಾರದು.

• ಮೋಟಾರಿನ ಟರ್ಮಿನಲ್ ಬಾಕ್ಸು ಪ್ಯಾನಲ್ಲಿಗಿಂತ ಇಕ್ಕಟ್ಟು. 60 ಎಚ್‌ಪಿ ಮೋಟಾರು ಪೂರ್ತಿ ಲೋಡಿನಲ್ಲಿ 80 ಆಂಪಿಯರ್ ಹತ್ತಿರ ಎಳೆಯುತ್ತದೆ. ಸ್ಟಾರ್-ಡೆಲ್ಟಾ ಆದರೆ ಎರಡು ಕೇಬಲ್ಲು, ಆರು ಲಗ್ಗು, ಅಂಗೈ ಅಗಲದ ಟರ್ಮಿನಲ್ ಬೋರ್ಡು. ಬಹಳ ಮೋಟಾರುಗಳ ಬಾಕ್ಸನ್ನು ನಾಲ್ಕು ಬೋಲ್ಟು ಬಿಚ್ಚಿ ಬೇಕಾದ ದಿಕ್ಕಿಗೆ ತಿರುಗಿಸಬಹುದು. ಇದು ಗೊತ್ತಿಲ್ಲದೆ ಕೇಬಲ್ಲನ್ನೇ ಮೋಟಾರಿನ ಸುತ್ತ ತಿರುಗಿಸಿ ತರುವವರನ್ನು ನೋಡಿದರೆ ನಗು ಬರುತ್ತದೆ. ಕಂಪನಿಯಿಂದ ಬಂದ ಹಿತ್ತಾಳೆ ಲಿಂಕುಗಳನ್ನು ಸ್ಟಾರ್-ಡೆಲ್ಟಾಗೆ ತೆಗೆಯಲೇಬೇಕು, ತೆಗೆಯದೆ ಚಾಲೂ ಮಾಡಿದರೆ ನೇರ ಶಾರ್ಟು. ಗಿರಣಿ ಮೋಟಾರನ್ನು ಬೆಲ್ಟು ಬಿಗಿ ಮಾಡಲು ರೇಲಿನ ಮೇಲೆ ಹಿಂದೆ ಸರಿಸುತ್ತಾರೆ, ಆ ಸರಿದಾಟಕ್ಕೂ ಕೇಬಲ್ಲಿನಲ್ಲಿ ಸಡಿಲ ಇರಬೇಕು.

• ಸುಗ್ಗಿ ಮುಗಿದು ಗದ್ದೆ ಖಾಲಿಯಾದರೆ ಇಲಿಗಳೆಲ್ಲ ಗಿರಣಿಗೆ ಬರುತ್ತವೆ. ಇಲಿಯ ಹಿಂದೆ ಹಾವು. ಬೆಚ್ಚಗಿನ ಪ್ಯಾನಲ್ಲು ಇಬ್ಬರಿಗೂ ಇಷ್ಟ. ಉಪಯೋಗಿಸದ ತೂತಿಗೆ ಗೋಣಿಚೀಲದ ತುಂಡು, ಹತ್ತಿಬಟ್ಟೆ ತುರುಕಬೇಡ, ಅದು ಗೂಡು ಕಟ್ಟಲು ನೀನೇ ಕೊಟ್ಟ ಸಾಮಾನು. ತಗಡಿನಿಂದ ಮುಚ್ಚು, ಇಲ್ಲವೇ ಬ್ಲ್ಯಾಂಕಿಂಗ್ ಪ್ಲಗ್ಗು ಹಾಕು. ಹೆಬ್ಬೆರಳು ಹೋಗುವ ಸಂದು ಇದ್ದರೆ ಇಲಿಮರಿಗೆ ಸಾಕು. ಹೊಸ ಪ್ಯಾನಲ್ಲಿಗೆ ಕೈ ಹಾಕುವ ಮೊದಲು ಬಾಗಿಲಿಗೆ ನಾಲ್ಕು ಸಲ ತಟ್ಟು, ಒಳಗಿದ್ದವರು ಹೊರಗೆ ಬರಲಿ.

• ತೌಡಿನ ದೂಳು ಎಲ್ಲ ಕಡೆ ಕೂರುತ್ತದೆ, ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಕರೆಂಟು ತೆಗೆದು ವ್ಯಾಕ್ಯೂಮಿನಿಂದ ಎಳೆ. ಏರ್‌ಗನ್ನಿನಿಂದ ಊದಿದರೆ ಕಾಂಟ್ಯಾಕ್ಟರಿನೊಳಗೆ ಹೋಗುತ್ತದೆ.

• ತ್ರೀಫೇಸಿನ ಯಂತ್ರಕ್ಕೆ ಬೇರೆ ಬೇರೆಯಾಗಿ ಎರಡು ಅರ್ತ್ ಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಪ್ಯಾನಲ್ ಬಾಗಿಲಿಗೆ ಹೆಣೆದ ತಾಮ್ರದ ಜಂಪರ್ ಹಾಕು, ಕೀಲನ್ನು ನೆಚ್ಚಬೇಡ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯಲು ಒಬ್ಬರನ್ನು ಗೊತ್ತು ಮಾಡಿಸು.

• ಬೇಸಿಗೆಯ ಲೆಕ್ಕ ಬೇರೆ. ಕ್ಯಾಟಲಾಗಿನಲ್ಲಿ ಬರೆದ ಆಂಪಿಯರ್ 40 ಡಿಗ್ರಿ ಗಾಳಿಗೆ. ಬಳ್ಳಾರಿಯ ಮೇ ತಿಂಗಳಲ್ಲಿ ಹೊರಗೇ ಅಷ್ಟಿರುತ್ತದೆ, ತಗಡಿನ ಶೆಡ್ಡಿನೊಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ 50 ಎಂದಿಟ್ಟುಕೋ. ಪಿವಿಸಿ ಕೇಬಲ್ಲಿನ ಕೋರು 70 ಡಿಗ್ರಿ ದಾಟಬಾರದು, 30 ಡಿಗ್ರಿ ಇದ್ದ ಅವಕಾಶ 20ಕ್ಕೆ ಇಳಿಯಿತು. 100 ಆಂಪಿಯರ್ ಹೊರುತ್ತಿದ್ದದ್ದು 80 ಚಿಲ್ಲರೆ ಹೊರುತ್ತದೆ. ಎಕ್ಸ್‌ಎಲ್‌ಪಿಇ 90 ಡಿಗ್ರಿವರೆಗೆ ತಡೆಯುವುದರಿಂದ 90 ಆಂಪಿಯರ್ ಹತ್ತಿರ ಹೊರುತ್ತದೆ. ಹಾಗಂತ ಎಕ್ಸ್‌ಎಲ್‌ಪಿಇಯನ್ನು 90 ಡಿಗ್ರಿವರೆಗೆ ಕಾಯಲು ಬಿಟ್ಟರೆ ಬ್ರೇಕರಿನ ಟರ್ಮಿನಲ್ಲು ಅದನ್ನು ತಡೆಯದಿರಬಹುದು. ಇಕ್ಕಟ್ಟಾದ ಪೆಟ್ಟಿಗೆ ಬೇಡ ಎನ್ನಲು ಇದೂ ಒಂದು ಕಾರಣ: ಕೋರುಗಳು ಒಂದಕ್ಕೊಂದು ಒತ್ತಿಕೊಂಡಿದ್ದರೆ ಬಿಸಿ ಹೋಗಲು ದಾರಿ ಇರುವುದಿಲ್ಲ.

• ಚಾಲೂ ಮಾಡುವ ಮುಂಚೆ ಮೆಗ್ಗರ್. ಫೇಸಿಗೂ ಫೇಸಿಗೂ, ಫೇಸಿಗೂ ಅರ್ತಿಗೂ ನೋಡು. ಒಂದು ಮೆಗ್‌ಓಮ್‌ಗಿಂತ ಕೆಳಗೆ ತೋರಿಸಿದರೆ ಬಿಚ್ಚು. ವಿಎಫ್‌ಡಿ, ಸಾಫ್ಟ್ ಸ್ಟಾರ್ಟರ್ ಇದ್ದರೆ ಮೊದಲು ಅವನ್ನು ಬೇರ್ಪಡಿಸು, ಮೆಗ್ಗರಿನ 500 ವೋಲ್ಟು ಅವುಗಳ ಒಳಗಿನ ಕಾರ್ಡು ಸುಟ್ಟರೆ ನಿನ್ನ ವರ್ಷದ ದುಡಿಮೆ ಹೋಯಿತು. ಬೆಲ್ಟು ಹಾಕುವ ಮುಂಚೆ ಮೋಟಾರು ತಿರುಗುವ ದಿಕ್ಕು ನೋಡು, ಭತ್ತ ತುಂಬಿದ ಎಲಿವೇಟರು ಉಲ್ಟಾ ತಿರುಗಿದರೆ ಬಿಡಿಸುವವನೂ ನೀನೇ.

• ಬೋಲ್ಟಿಗೆ ಟಾರ್ಕ್ ರೆಂಚು. ಎಷ್ಟು ಬಿಗಿ ಎಂಬುದು ಬ್ರೇಕರಿನ ಮೈಮೇಲೆ ಅಥವಾ ಅದರ ಜೊತೆಯ ಹಾಳೆಯಲ್ಲಿ ಬರೆದಿರುತ್ತದೆ. ಉದ್ದ ಪೈಪು ತೂರಿಸಿ ತಿರುಗಿಸಿದ್ದು ಬಿಗಿ ಅಲ್ಲ, ಅಲ್ಯುಮಿನಿಯಂ ಹಿಸುಕಿಹೋಗಿ ನಾಳೆ ಸಡಿಲವಾಗುತ್ತದೆ. ಬಿಗಿ ಮಾಡಿದ ಮೇಲೆ ನಟ್ಟಿನಿಂದ ಬಸ್‌ಬಾರಿನವರೆಗೆ ಮಾರ್ಕರಿನಿಂದ ಒಂದು ಗೆರೆ ಎಳೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ಟಾರ್ಚ್ ಬಿಟ್ಟರೆ ಗೊತ್ತಾಗುತ್ತದೆ. ಲೋಡಿನಲ್ಲಿ ಕಾದು, ರಾತ್ರಿ ಆರಿ, ಅಲ್ಯುಮಿನಿಯಂ ಮೊದಲ ಕೆಲವು ವಾರದಲ್ಲೇ ಸ್ವಲ್ಪ ಕೂತುಕೊಳ್ಳುತ್ತದೆ. ಅದಕ್ಕೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹೋಗಿ, ಕರೆಂಟು ತೆಗೆದು, ಒಂದೊಂದೂ ಬೋಲ್ಟು ನೋಡಬೇಕು. ಆ ಎರಡನೇ ಸಲದ ಕೂಲಿಯನ್ನೂ ಎಕ್ಸ್‌ಟೆನ್ಷನ್ ಬಾಕ್ಸಿನ ದುಡ್ಡನ್ನೂ ಮೊದಲ ಎಸ್ಟಿಮೇಟಿನಲ್ಲೇ ಬರೆದುಬಿಡು. ಮಿಲ್ಲು ಚಾಲೂ ಆದ ಮೇಲೆ ಕೇಳಿದರೆ ‘ಓಡಾಕತ್ತೈತಲ್ಲಪಾ, ಇನ್ನೇನು?’ ಅಂತಾರೆ.